ನೋವಿಲ್ಲದ ಗಂಟು

ಸಿರುಗುಪ್ಪದ ಮನೆಗಳಲ್ಲಿ ಅಕ್ಕಿ ಆರಿಸುವ ಹೆಂಗಸರನ್ನು ನೋಡಬೇಕು. ಮೊರದ ತುಂಬ ಸೋನಾ ಮಸೂರಿ. ಮಾತು ಪಕ್ಕದ ಮನೆಯವಳ ಜೊತೆ, ಕಣ್ಣು ಬಾಗಿಲ ಕಡೆ, ಬೆರಳು ಮಾತ್ರ ಅಕ್ಕಿಯಲ್ಲೇ. ಕಾಳಿನಷ್ಟೇ ಬೆಳ್ಳಗಿನ ಹರಳೊಂದು ತಗುಲಿದರೆ ಸಾಕು, ಅದು ಮೊರದಾಚೆ ಬಿದ್ದಿರುತ್ತದೆ. ಇಂಥ ಬೆರಳಿಗೆ ತನ್ನದೇ ಎದೆಯ ಗಂಟು ತಿಳಿಯದೇ? ಜಳಕ ಮಾಡುವಾಗಲೇ ತಿಳಿದಿರುತ್ತದೆ. ‘ನೋವೇನಿಲ್ಲಲ್ಲ, ಬಿಡು’ ಎಂದು ಸೆರಗು ಸಿಕ್ಕಿಸಿಕೊಂಡು ನಾಟಿಗೆ ಹೊರಡುತ್ತಾಳೆ.

ಈ ‘ನೋವಿಲ್ಲ’ ಎಂಬ ಮಾತೇ ನನಗೆ ಭಯ ತರುವುದು. ಸ್ತನ ಕ್ಯಾನ್ಸರಿನ ಗಂಟು ಬಹಳ ಸಲ ಶುರುವಿಗೆ ನೋಯುವುದೇ ಇಲ್ಲ. ಗಂಟೆಲ್ಲ ಕ್ಯಾನ್ಸರ್ ಅಲ್ಲ, ಹೆಚ್ಚಿನವು ಅಲ್ಲವೇ ಅಲ್ಲ. ಆದರೆ ಅದನ್ನು ಹೇಳಬೇಕಾದವರು ವೈದ್ಯರು. ತೊಟ್ಟು ಒಳಗೆ ಸೆಳೆದುಕೊಂಡರೆ, ರಕ್ತ ಒಸರಿದರೆ, ಚರ್ಮ ಕಿತ್ತಳೆ ಸಿಪ್ಪೆಯಂತಾದರೆ, ಕಂಕುಳಲ್ಲಿ ಗಂಟು ಸಿಕ್ಕರೆ ಸುಗ್ಗಿ ಮುಗಿಯಲಿ ಎಂದು ಕಾಯಬಾರದು. ಹಾಗಂತ ಬೆರಳೊಂದನ್ನೇ ನಂಬಿ ಕೂರುವಂತೆಯೂ ಇಲ್ಲ. ಶಾಂಘೈನಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿ ನಡೆಸಿದ ಅಧ್ಯಯನದಲ್ಲಿ, ಸ್ವಯಂ ಪರೀಕ್ಷೆ ಕಲಿಸಿದ ಮಾತ್ರಕ್ಕೆ ಸಾವು ತಗ್ಗಲಿಲ್ಲ. ಏನೂ ಸಿಗದಿದ್ದರೂ ತಪಾಸಣೆ ಬೇಕು.

ಬೆರಳಿಗೆ ಎಟುಕದ ಜಾಗ ಗರ್ಭಕೋಶದ ಕೊರಳು. 2022ರ ಅಂದಾಜಿನಂತೆ ಆ ಕ್ಯಾನ್ಸರಿನಿಂದ ದೇಶದಲ್ಲಿ ಒಂದೇ ವರ್ಷ ಸುಮಾರು 80 ಸಾವಿರ ಹೆಂಗಸರು ತೀರಿಕೊಂಡರು. ಅದು ಬಲಿಯಲು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ಬೇಕು. ಅಷ್ಟು ಗಡುವು ಕೊಡುವ ರೋಗಕ್ಕೂ ನಾವು ಹೆಂಗಸರನ್ನು ಕಳೆದುಕೊಳ್ಳುತ್ತಿದ್ದೇವೆ. ಮೂವತ್ತು ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಬಾಯಿ, ಎದೆ, ಗರ್ಭಕೋಶದ ಕೊರಳನ್ನು ನೋಡಬೇಕೆಂಬುದು ಸರ್ಕಾರದ್ದೇ ಕಾರ್ಯಕ್ರಮ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ಕೇಳುತ್ತಾಳೆ. ‘ಬಿಳಿಸೆರಗು ಹೋಗ್ತದಾ? ಮುಟ್ಟು ನಿಂತ ಮೇಲೂ ರಕ್ತ ಕಾಣಸ್ತದಾ?’ ಅತ್ತೆ ಪಕ್ಕದಲ್ಲಿ ಕೂತಿರುತ್ತಾಳೆ. ಉತ್ತರ ಗಂಟಲಲ್ಲೇ ಉಳಿಯುತ್ತದೆ.

ಹೆದರಿಕೆ ಕತ್ತರಿಯದ್ದು, ‘ಗರ್ಭಕೋಶ ತೆಗೀತಾರಂತೆ’ ಎಂಬ ಗಾಳಿಮಾತಿನದು. ಕೂಲಿಯ ಲೆಕ್ಕ ಬೇರೆ. ಬಳ್ಳಾರಿಯಲ್ಲಿ ಪೀಸಿನ ಲೆಕ್ಕಕ್ಕೆ ಜೀನ್ಸ್ ಹೊಲಿಯುವವಳಿಗೆ ಅರ್ಧ ದಿನ ಎದ್ದು ಹೋಗುವುದೆಂದರೆ ಅರ್ಧ ದಿನದ ಗಳಿಕೆ ಹೋದಂತೆ. ಪರೀಕ್ಷೆಯಾದರೋ ಇಷ್ಟೇ: ವಿನೆಗರ್‌ನಲ್ಲಿರುವ ಆಮ್ಲದ ತೆಳು ದ್ರಾವಣವನ್ನು ಹತ್ತಿಯಲ್ಲಿ ಅದ್ದಿ ಗರ್ಭಕೋಶದ ಕೊರಳಿಗೆ ಹಚ್ಚುತ್ತಾರೆ, ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಜೀವಕೋಶಗಳಿರುವ ಕಡೆ ಬೆಳ್ಳಗಾಗುತ್ತದೆ. ಬೆಳ್ಳಗಾದರೂ ಅದು ಕ್ಯಾನ್ಸರೇ ಎಂದಲ್ಲ, ಇನ್ನಷ್ಟು ನೋಡಬೇಕು ಎಂದಷ್ಟೇ. ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಆಸ್ಪತ್ರೆಯವರು ತರಬೇತಿ ಕೊಟ್ಟ ಆರೋಗ್ಯ ಕಾರ್ಯಕರ್ತೆಯರಿಂದಲೇ ಇದನ್ನು ಮಾಡಿಸಿದರು. ಈ ರೋಗದ ಸಾವು 31 ಪ್ರತಿಶತ ಇಳಿಯಿತು.

ಫಲಿತಾಂಶ ಅಲ್ಲೇ, ಆಗಲೇ. ಬೆಳಿಗ್ಗೆ ಬಳ್ಳಾರಿಗೆ ಬಂದವಳು ಮಧ್ಯಾಹ್ನದ ಬಸ್ಸಿಗೆ ಕುರುಗೋಡಿಗೆ ಮರಳಬಹುದು. ಬರುವಾಗ ಪಕ್ಕದ ಮನೆಯವಳನ್ನೂ ಕರೆದುಕೊಂಡು ಬರಲಿ. ಸಂತೆಗೆ, ದೊಡ್ಡಬಸಪ್ಪನ ತೇರಿಗೆ ಜೊತೆಯಾಗಿಯೇ ಹೋಗುವವರಲ್ಲವೇ.