ತೊಟ್ಟಿಲು ಮತ್ತು ಮುಯ್ಯಿ

ಮೊಳಕಾಲ್ಮೂರಿನಲ್ಲಿ ನನ್ನ ತಂಗಿಯ ಮಗಳ ಕೂಸಿಗೆ ನಾಮಕರಣ. ಚಳ್ಳಕೆರೆಯಿಂದ ಬೆಳಗಿನ ಬಸ್ಸಿಗೇ ಹೋಗಿದ್ದೆ. ತೊಟ್ಟಿಲ ಶಾಸ್ತ್ರ, ಊಟ, ಎಲೆ ಅಡಿಕೆ ಎಲ್ಲ ಮುಗಿದು ನೆಂಟರು ಹೊರಟ ಮೇಲೆ ತಂಗಿ ಒಂದು ನೋಟ್ ಪುಸ್ತಕ ತಂದು ನನ್ನ ಮುಂದಿಟ್ಟಳು. "ಅಕ್ಕಾ, ನಿನ್ನ ಅಕ್ಷರ ದುಂಡಗಿದೆ. ಮುಯ್ಯಿ ಬರೆದುಕೊಡು" ಎಂದಳು. ಟೀಚರ್ ಕೆಲಸದವರ ಹಣೆಬರಹವೇ ಇಷ್ಟು. ಮದುವೆ ಮನೆಗೆ ಹೋದರೂ ಹಾಜರಿ ಪುಸ್ತಕ ತಪ್ಪುವುದಿಲ್ಲ.

ಬರೆಯುತ್ತಾ ಹೋದೆ. ಬೆಳ್ಳಿ ಬಟ್ಟಲು ಎರಡು, ಬೆಳ್ಳಿ ಉಡಿದಾರ ಮೂರು, ಕಾಲ್ಗಡಗ, ಮಗುವಿನಷ್ಟೇ ದೊಡ್ಡದಾದ ಮೆತ್ತನೆಯ ಕರಡಿ, ಬ್ಯಾಟರಿ ಹಾಕಿದರೆ ಕೂಗುವ ರೈಲು, ತಾಯಿಗೆ ಊರಿನ ಮಗ್ಗದ್ದೇ ರೇಷ್ಮೆ ಸೀರೆ, ದಿಂಬುಗಳಿರುವ ಪುಟ್ಟ ಹಾಸಿಗೆಯ ಸೆಟ್ಟು. ಬಾಣಂತಿ ಗೋಡೆಗೆ ಒರಗಿ ಕುಳಿತಿದ್ದಳು. ಕಣ್ಣು ಕೆಂಪಾಗಿದ್ದವು. "ದೊಡ್ಡಮ್ಮ, ಇಷ್ಟೆಲ್ಲಾ ಬಂತು. ಯಾರಾದರೂ ಎರಡು ಗಂಟೆ ನಿದ್ದೆ ಕೊಡಬಾರದಿತ್ತಾ?" ಎಂದು ನಕ್ಕಳು. ನಗುವಾಗಲೇ ಕಣ್ಣಲ್ಲಿ ನೀರು ಬಂತು.

ನನ್ನ ಪೆನ್ನು ಅಲ್ಲಿಗೇ ನಿಂತಿತು.

ಮುಯ್ಯಿ ಎಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಇಂದು ಅವರು ನಮಗೆ ಕೊಟ್ಟದ್ದು ನಾಳೆ ನಾವು ಅವರಿಗೆ ಕೊಡಬೇಕಾದದ್ದು. ಅದರಲ್ಲಿ ತಪ್ಪೇನೂ ಇಲ್ಲ. ಮಳೆ ಕೈಕೊಡುವ ನಮ್ಮ ಬಯಲುಸೀಮೆಯಲ್ಲಿ ಬಡವರ ಮನೆಯ ಎಷ್ಟೋ ಮದುವೆಗಳು ನಡೆದಿರುವುದು ಮುಯ್ಯಿಯ ಆಸರೆಯಲ್ಲೇ. ಆದರೆ ಆ ಪುಸ್ತಕದಲ್ಲಿ ಕೂಸಿನ ಹೆಸರು ಎಲ್ಲೂ ಇರಲಿಲ್ಲ. ಕೊಟ್ಟವರು ದೊಡ್ಡವರು, ತಿರುಗಿ ಕೊಡಬೇಕಾದವರೂ ದೊಡ್ಡವರು. ಮಗು ನಡುವಿನ ನೆಪ. ತಿರುಗಿಸಿ ಕೊಡಲಾರದ ಜೀವಕ್ಕೆ ಏನನ್ನಾದರೂ ಕೊಡುವ ಅವಕಾಶ ನಮಗೆ ಸಿಕ್ಕಾಗಲೂ ನಾವು ಲೆಕ್ಕ ಬಿಡುವುದಿಲ್ಲವಲ್ಲ, ಏಕೆ?

ಇದನ್ನು ಕೇಳುವ ಅರ್ಹತೆ ನನಗಿದೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಇಲ್ಲ ಎನ್ನಬೇಕಾಗುತ್ತದೆ.

ನನ್ನ ಮಗಳು ಪಿ.ಯು.ಸಿ. ಮುಗಿಸಿ, ನಾನು ಹೇಳಿದ ಓದು ಬೇಡ, ಚಿತ್ರಕಲೆ ಕಲಿಯುತ್ತೇನೆ ಎಂದು ಹಟ ಹಿಡಿದಾಗ, ಎಲ್ಲ ತಾಯಂದಿರೂ ಆಡುವ ಮಾತನ್ನೇ ನಾನೂ ಆಡಿದೆ: "ನಿನಗಾಗಿ ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದೇನೆ ಗೊತ್ತೇನೇ?" ಅವಳು ಕೂಗಾಡಲಿಲ್ಲ. "ನಾನು ಕೇಳಿದ್ದೆನಾ, ಅಮ್ಮಾ? ಆಗ ನನಗೆ ಮಾತೇ ಬರುತ್ತಿರಲಿಲ್ಲ" ಎಂದಳು. ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನನ್ನ ಅತ್ತೆ ತಲೆ ಎತ್ತಿ ಒಮ್ಮೆ ನನ್ನನ್ನು ನೋಡಿ, ಮತ್ತೆ ತಲೆ ತಗ್ಗಿಸಿದರು. ಆ ನೋಟ ನನಗೆ ಮಗಳ ಮಾತಿಗಿಂತ ಹೆಚ್ಚು ಚುಚ್ಚಿತು.

ಏಕೆಂದರೆ ಅವರಿಗೆ ನಿಜ ಗೊತ್ತಿತ್ತು. ಆ ರಾತ್ರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವರವು. ಬೆಳಿಗ್ಗೆ ಬಸ್ಸು ಹಿಡಿದು ಶಾಲೆಗೆ ಹೋಗಬೇಕಾದ ಸೊಸೆ ಎಂದು, ಹಳೇ ಸೀರೆಯ ಜೋಳಿಗೆ ತೂಗುತ್ತಾ ಕೂರುತ್ತಿದ್ದವರು ಅವರು. ಒಂದು ದಿನವೂ ಅದನ್ನು ಆಡಿ ತೋರಿಸಲಿಲ್ಲ. ಇನ್ನೊಂದು ನಿಜವೂ ಇತ್ತು. ಮಗಳಿಗೆ ಎಂಟು ತಿಂಗಳಿದ್ದಾಗ ಮರುದಿನ ಶಾಲೆಗೆ ತಪಾಸಣೆಯವರು ಬರುವವರಿದ್ದರು. ಪಾಠ ಟಿಪ್ಪಣಿ ಬರೆದು ಮುಗಿದಿರಲಿಲ್ಲ. ಮಗು ಮಲಗಲೊಲ್ಲದು. ಕೆಮ್ಮಿಲ್ಲದಿದ್ದರೂ ಮನೆಯಲ್ಲಿದ್ದ ಕೆಮ್ಮಿನ ಔಷಧಿಯನ್ನು ಒಂದು ಚಮಚ ಕುಡಿಸಿದೆ. ಮಗು ಮಲಗಿತು. ಎಷ್ಟು ಮಲಗಿತೆಂದರೆ ಬೆಳಿಗ್ಗೆ ಎಂಟಾದರೂ ಏಳಲಿಲ್ಲ. ಅತ್ತೆ ಮುಖಕ್ಕೆ ತಣ್ಣೀರು ಸವರಿ, ಅಂಗಾಲು ಉಜ್ಜಿ ಎಬ್ಬಿಸಿದರು. ಏನಾಯಿತೆಂದು ನಾನು ಹೇಳಲಿಲ್ಲ. ಕಿಟಕಿಯಲ್ಲಿದ್ದ ಸೀಸೆಯನ್ನು ಅವರೇ ಎತ್ತಿ ಒಳಗಿಟ್ಟರು.

ಹಿಂದೆ ಬೆಳೆಯುವ ಮಕ್ಕಳಿಗೆ ಅಫೀಮು ನೆಕ್ಕಿಸಿ ಮಲಗಿಸಿ ಕೂಲಿಗೆ ಹೋಗುತ್ತಿದ್ದ ತಾಯಂದಿರನ್ನು ನಾವು ಅಜ್ಞಾನಿಗಳು ಎನ್ನುತ್ತೇವೆ. ಬಿ.ಎ., ಬಿ.ಎಡ್. ಓದಿದ ನಾನು ಮಾಡಿದ್ದೂ ಅದೇ. 2023ರಲ್ಲಿ ನಮ್ಮ ದೇಶದ ಔಷಧ ನಿಯಂತ್ರಕರು ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಎರಡೂ ಬೆರೆತ ನೆಗಡಿ ಔಷಧಿಯನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಸೀಸೆಯ ಮೇಲೇ ಅಚ್ಚು ಹಾಕಿಸಲು ಹೇಳಿದ ಸುದ್ದಿ ಓದಿದ ದಿನ ನನ್ನ ಕೈ ನಡುಗಿತು. ಆ ನಿದ್ದೆಯನ್ನು ನಾನು ಮಗುವಿಗೆ ಕೊಟ್ಟಿರಲಿಲ್ಲ, ನನಗೆ ಕೊಟ್ಟುಕೊಂಡಿದ್ದೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿರುವುದು ನಿಮಗೆ ಗೊತ್ತಿರಬಹುದು. ಕ್ರಿಸ್ತಪೂರ್ವ 3ನೇ ಶತಮಾನದ್ದು, 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದದ್ದು. ತಂದೆ ತಾಯಿಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂಬುದು ಅದರ ಸಾರ. ಏಳನೇ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಇದನ್ನು ವಿವರಿಸಿದಾಗ ಒಬ್ಬ ಹುಡುಗಿ ಕೇಳಿದಳು: "ಮಿಸ್, ಅಪ್ಪ ಅಮ್ಮ ಮಕ್ಕಳಿಗೆ ಏನು ಮಾಡಬೇಕು ಅಂತ ಬರೆದಿಲ್ವಾ?" ಎಲ್ಲರೂ ನಕ್ಕರು. ನಾನೂ ನಕ್ಕು ಮುಂದೆ ಹೋದೆ. ಈಗ ಉತ್ತರ ಹೊಳೆಯುತ್ತದೆ. ಬರೆದಿದೆ ಮಗಳೇ. ಜೀವಿಗಳಲ್ಲಿ ದಯೆ ಎಂದಿದೆಯಲ್ಲ, ತೊಟ್ಟಿಲ ಕೂಸೂ ಒಂದು ಜೀವಿಯೇ.

ದಯೆ ಎಂದರೆ ಬರೀ ಮುದ್ದಲ್ಲ, ತಿಳಿವಳಿಕೆಯೂ ಹೌದು. ಹುಟ್ಟಿದ ಹೊಸದರಲ್ಲಿ ಮಗು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ, ಆದರೆ ತುಂಡು ತುಂಡಾಗಿ. ಹೊಟ್ಟೆ ಪುಟ್ಟದು, ಬೇಗ ಹಸಿಯುತ್ತದೆ. ಹಗಲು ರಾತ್ರಿಯ ವ್ಯತ್ಯಾಸ ಅದಕ್ಕೆ ಮೂಡುವುದಕ್ಕೇ ಎರಡು ಮೂರು ತಿಂಗಳು ಬೇಕು. ಅದು ಹಟವಲ್ಲ, ದೃಷ್ಟಿಯೂ ಅಲ್ಲ. ಮಗುವನ್ನು ಗಟ್ಟಿಯಾದ ಸಮನಾದ ಹಾಸಿಗೆಯ ಮೇಲೆ ಅಂಗಾತ ಮಲಗಿಸಬೇಕು ಎನ್ನುತ್ತಾರೆ ವೈದ್ಯರು. ಅಮೆರಿಕದಲ್ಲಿ 1994ರಿಂದ ಇದನ್ನೇ ಮನೆಮನೆಗೆ ಹೇಳಿದ ಮೇಲೆ, ನಿದ್ದೆಯಲ್ಲೇ ಕಾರಣವಿಲ್ಲದೆ ತೀರಿಹೋಗುವ ಕೂಸುಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ಹಾಗಾಗಿ ಆ ಕರಡಿ, ಆ ದಿಂಬುಗಳು ಒಂದು ವರ್ಷ ತುಂಬುವ ತನಕ ಮಗು ಮಲಗುವ ಜಾಗದಿಂದ ದೂರವಿರಲಿ. ತಲೆ ದುಂಡಗಾಗಲೆಂದು ಇಡುವ ರಾಗಿ ದಿಂಬೂ ಬೇಡ. ಜೋಳಿಗೆಯಲ್ಲಿ ಗದ್ದ ಎದೆಗೆ ಒತ್ತಿದರೆ ಉಸಿರು ಕಟ್ಟುತ್ತದೆ. ಅಲ್ಲಿ ಸಮಾಧಾನ ಮಾಡಿ, ನಿದ್ದೆ ಹತ್ತಿದ ಮೇಲೆ ಸಮನಾದ ಹಾಸಿಗೆಗೆ ಬದಲಾಯಿಸುವುದು ಒಳ್ಳೆಯದು. ನಮ್ಮ ಕಡೆಯ ಬೇಸಿಗೆಯಲ್ಲಿ ಟೋಪಿ, ಕಂಬಳಿ ಸುತ್ತಿ ಬೇಯಿಸುವುದೂ ಬೇಡ.

ಮನೆಯೆಲ್ಲಾ ಉಸಿರು ಬಿಗಿಹಿಡಿದು ಕೂರಬೇಕಾಗಿಲ್ಲ. ನಾನು ಮೊಳಕಾಲ್ಮೂರಿನಲ್ಲಿ ಬಾಡಿಗೆಗಿದ್ದಾಗ ಪಕ್ಕದ ನೇಕಾರರ ಮನೆಯ ಕೂಸು ಮಗ್ಗದ ಸದ್ದಿನಲ್ಲೇ ಮಲಗುತ್ತಿತ್ತು. ಮಗ್ಗ ನಿಂತರೆ ಎಚ್ಚರವಾಗುತ್ತಿತ್ತು.

ಇನ್ನು ಉಡುಗೊರೆ. ರೇಷ್ಮೆ ಸೀರೆಯ ಜರಿ ಕೂಸಿನ ಕೆನ್ನೆಗೆ ಒರಟು. ಒಗೆದು ಒಗೆದು ಮೆತ್ತಗಾದ ಅಜ್ಜಿಯ ನೂಲಿನ ಸೀರೆ ಅದಕ್ಕೆ ಪಟ್ಟೆ. ಆಡುವ ವಯಸ್ಸಿನ ಮಗುವಿಗಾದರೆ ಚನ್ನಪಟ್ಟಣದ ಮರದ ಗೊಂಬೆ ಕೊಡಿ. 2021ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ, ನೋಡಿ ಕೊಳ್ಳಿ. ಬಾಯಿಗೆ ಹಾಕಿಕೊಳ್ಳುವಂಥ ಚೂರುಗಳು, ಗುಂಡಿಯಂಥ ಪುಟ್ಟ ಬ್ಯಾಟರಿಗಳು ಬೇಡವೇ ಬೇಡ. ನುಂಗಿದರೆ ಅನ್ನನಾಳವನ್ನೇ ಸುಡುತ್ತವೆ. ಸಾಧ್ಯವಾದರೆ ಒಂದು ಹೊತ್ತಿನ ಸಾರು ಮಾಡಿ ಒಯ್ಯಿರಿ, ಎರಡು ಗಂಟೆ ಮಗುವನ್ನು ಎತ್ತಿಕೊಳ್ಳಿ. ಅದನ್ನು ಯಾರೂ ಪುಸ್ತಕದಲ್ಲಿ ಬರೆಯುವುದಿಲ್ಲ. ಅದಕ್ಕೇ ಅದು ಉಡುಗೊರೆ.

ಹಾಗಾದರೆ ಮಕ್ಕಳು ನಮಗೆ ಏನೂ ಕೊಡಬೇಕಾಗಿಲ್ಲವೇ? ಕೊಡುತ್ತಾರೆ, ಕೊಡಲಿ. ಆದರೆ ತೊಟ್ಟಿಲ ದಿನಗಳನ್ನು ಸಾಲವೆಂದು ತೋರಿಸಿ ವಸೂಲಿ ಮಾಡಿದರೆ, ಪ್ರೀತಿಯಿಂದ ಬರಬಹುದಾಗಿದ್ದುದು ಕಂತಾಗಿ ಬರುತ್ತದೆ. ನಾನು ಮಗಳ ಕ್ಷಮೆ ಕೇಳುವ ಹೊತ್ತಿಗೆ ಅತ್ತೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಕೆಮ್ಮಿನ ಔಷಧಿಯ ಕಥೆಯನ್ನೂ ಹೇಳಿದೆ. ಮಗಳು ತುಂಬಾ ಹೊತ್ತು ಸುಮ್ಮನಿದ್ದು, "ಅಜ್ಜಿ ಒಂದು ದಿನವೂ ಹೇಳಲಿಲ್ಲ" ಎಂದಳಷ್ಟೆ.

ಆ ದಿನ ನಾನು ಚಳ್ಳಕೆರೆಗೆ ಹಿಂತಿರುಗಲಿಲ್ಲ. ಕೂಸನ್ನು ನನ್ನ ಹತ್ತಿರ ಇಟ್ಟುಕೊಂಡು, ಹಾಲಿಗೆ ಮಾತ್ರ ತಾಯಿಯ ಬಳಿ ಒಯ್ಯುತ್ತಾ ರಾತ್ರಿ ಕಳೆದೆ. ಬೆಳಿಗ್ಗೆ ತಂಗಿ ಪುಸ್ತಕ ತಿರುವಿ, "ಅಕ್ಕಾ, ನಿನ್ನ ಹೆಸರಿನ ಮುಂದೆ ಖಾಲಿ ಬಿಟ್ಟಿದ್ದೀಯಲ್ಲ, ಏನು ಬರೆಯಲಿ?" ಎಂದಳು. "ಏನೂ ಬೇಡ ಬಿಡು" ಎಂದೆ.

ಅಲ್ಲಿ ಬರೆಯದಿದ್ದುದನ್ನು ಇಲ್ಲಿ ಬರೆದುಬಿಟ್ಟೆನಲ್ಲ! ಲೆಕ್ಕ ಬಿಡುವುದು ಅಷ್ಟು ಸುಲಭವಲ್ಲ. ಅತ್ತೆಯವರಿಗೆ ಮಾತ್ರ ಅದು ಬಂದಿತ್ತು.