ಮಣೆಯ ಮೇಲಿನ ಲೆಕ್ಕ



“ಉಸ್ತಾದ್, ಚೆಸ್ ಆಡಬಹುದೇ?” ಮದ್ರಸದ ಮಕ್ಕಳು ಆಗಾಗ ಕೇಳುವ ಪ್ರಶ್ನೆಯಿದು. ಶಾಲೆಗಳಲ್ಲಿ ಚೆಸ್ ಪಂದ್ಯಾಟಗಳು ನಡೆಯುವ ಕಾಲದಲ್ಲಿ ಇದು ಸಹಜವೇ. ಅವರಿಗೆ ಒಂದೇ ಮಾತಿನ ಉತ್ತರ ಬೇಕು. ಆದರೆ ಈ ಪ್ರಶ್ನೆ ಬಹಳ ಹಳೆಯದು.

ನಮ್ಮ ದೇಶದ ಚತುರಂಗ ಪರ್ಶಿಯಾಕ್ಕೆ ಹೋಯಿತು, ಅಲ್ಲಿಂದ ಅರಬರಿಗೆ ತಲುಪಿ ‘ಶತ್ರಂಜ್’ ಎನಿಸಿತು. ಅಬ್ಬಾಸಿ ಖಲೀಫಾ ಅಲ್ ಮುಕ್ತಫೀ (902–908) ಅವರ ಆಸ್ಥಾನದಲ್ಲಿ ಅಸ್ಸೂಲಿ ಎಂಬ ವಿದ್ವಾಂಸರು ಈ ಆಟದಲ್ಲಿ ಹೆಸರಾಂತರಾಗಿದ್ದರು. ಅದರ ಬಗ್ಗೆ ಗ್ರಂಥವನ್ನೂ ಬರೆದರು. ದಾಳದ ಆಟವಾದ ‘ನರ್ದ್’ ಅನ್ನು ಪ್ರವಾದಿವರ್ಯರು(ಸ) ಸ್ಪಷ್ಟವಾಗಿ ವಿರೋಧಿಸಿದ್ದಾರೆ. ದಾಳವೇ ಇಲ್ಲದ ಶತ್ರಂಜ್ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಉಂಟಾಯಿತು. ಬಹುಪಾಲು ವಿದ್ವಾಂಸರು ಅದು ಸಲ್ಲದೆಂದರು. ಶಾಫಿಈ ಮದ್‌ಹಬ್‌ನಲ್ಲಿ ಅದು ಮಕ್ರೂಹ್. ಆದರೆ ಪಣ ಸೇರಿದರೆ, ನಮಾಝ್ ತಪ್ಪಿದರೆ, ನಾಲಗೆ ಹೊಲಸಾದರೆ ಅದು ಹರಾಮ್.

ಈ ಮೂರು ಮಾತುಗಳ ಅರ್ಥ ನನಗೆ ತಿಳಿದದ್ದು ಕಿತಾಬಿನಿಂದಲ್ಲ. ಬಿ.ಎ. ಓದುತ್ತಿದ್ದಾಗ ಒಂದು ದಿನ ಗೆಳೆಯನೊಡನೆ ಆಟಕ್ಕೆ ಕುಳಿತೆ. ಸೋತವನು ಚಹಾ ಕೊಡಿಸಬೇಕೆಂಬ ಮಾತಾಯಿತು. ಒಂದು ಲೋಟ ಚಹಾ ತಾನೇ ಎಂದುಕೊಂಡೆವು. ಅಸರ್ ಅಝಾನ್ ಕೇಳಿಸಿತು. “ಇನ್ನೆರಡು ನಡೆ” ಎಂದೆವು. ಎರಡು ಇಪ್ಪತ್ತಾಯಿತು. ಕೊನೆಗೆ ಆತ ಮುಟ್ಟಿದ ಕುದುರೆಯನ್ನು ಬಿಟ್ಟು ಆನೆಯನ್ನು ನಡೆಸಿದ. ನಾನು “ಕಳ್ಳ” ಎಂದೆ. ಆತ ನನ್ನ ಮನೆಯವರನ್ನು ಎಳೆದು ತಂದ. ಮಣೆ ಮಗುಚಿ ಬಿತ್ತು. ಅಷ್ಟರಲ್ಲಿ ಮಗ್ರಿಬ್ ಅಝಾನ್ ಆಗುತ್ತಿತ್ತು.

ಪಣ, ನಮಾಝ್, ನಾಲಗೆ. ಒಂದೇ ಕುಳಿತದಲ್ಲಿ ಮೂರರಲ್ಲೂ ಸೋತಿದ್ದೆ.

ಸಹೋದರನೊಡನೆ ಮೂರು ದಿನಕ್ಕಿಂತ ಹೆಚ್ಚು ಮಾತು ಬಿಡಬಾರದೆಂಬ ಪ್ರವಾದಿವಚನ ನನಗೆ ಬಾಯಿಪಾಠವಿತ್ತು. ಆದರೂ ತಿಂಗಳುಗಳು ಕಳೆದವು. ಈದ್ ದಿನ ಈದ್ಗಾಹ್‌ನಲ್ಲಿ ಎದುರಾದಾಗ ಮೊದಲು ಸಲಾಮ್ ಹೇಳಿದವನು ಅವನೇ. ಮುನಿದ ಇಬ್ಬರಲ್ಲಿ ಮೊದಲು ಸಲಾಮ್ ಹೇಳುವವನೇ ಉತ್ತಮನೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಕಿತಾಬು ಓದಿದ ನಾನು ಹಿಂದುಳಿದೆ. ಗೆದ್ದವನು ಅವನು.

ಜೂಜಿನ ಮೂಲಕ ಸೈತಾನನು ಬಯಸುವುದೇನೆಂದು ಸೂರಃ ಅಲ್ ಮಾಇದಃದಲ್ಲಿ ಅಲ್ಲಾಹನು ಎಚ್ಚರಿಸಿದ್ದಾನೆ: ನಮ್ಮ ನಡುವೆ ದ್ವೇಷ ಬಿತ್ತುವುದು, ನಮ್ಮನ್ನು ದೇವಸ್ಮರಣೆಯಿಂದಲೂ ನಮಾಝ್‌ನಿಂದಲೂ ತಡೆಯುವುದು. ಒಂದು ಲೋಟ ಚಹಾದಿಂದಲೇ ಅವನ ಕೆಲಸ ಆಗಿಹೋಗಿತ್ತು.

ಪಂದ್ಯಾಟದ ನಿಯಮಗಳನ್ನು ಗಮನಿಸಿದ್ದೀರಾ? ಮುಟ್ಟಿದ ಕಾಯನ್ನೇ ನಡೆಸಬೇಕು. ಪ್ರತಿ ನಡೆಯನ್ನೂ ಹಾಳೆಯಲ್ಲಿ ಬರೆಯಬೇಕು. ಬದಿಯಲ್ಲಿ ಗಡಿಯಾರ ಓಡುತ್ತಿರುತ್ತದೆ. ಸಮಯ ಮುಗಿದರೆ, ಮಣೆಯ ಮೇಲೆ ಎಷ್ಟೇ ಬಲವಿರಲಿ, ಆಟ ಕೈಬಿಡುತ್ತದೆ. ಅರವತ್ತನಾಲ್ಕು ಮನೆಗಳ ಆಟಕ್ಕೇ ಇಷ್ಟು ಲೆಕ್ಕವಿದ್ದರೆ ನಮ್ಮ ಆಯುಷ್ಯಕ್ಕೆ ಲೆಕ್ಕವಿಲ್ಲವೇ? ನಮ್ಮ ಹೆಗಲ ಮೇಲೆ ಬರೆಯುವ ಮಲಕ್‌ಗಳು ಒಂದು ನಡೆಯನ್ನಾದರೂ ಬಿಡುತ್ತಾರೆಯೇ? ಆದರೆ ಒಂದು ವ್ಯತ್ಯಾಸವುಂಟು. ಅಲ್ಲಿ ಇಟ್ಟ ನಡೆಯನ್ನು ಹಿಂತೆಗೆಯಲಾಗದು. ಇಲ್ಲಿ ಉಸಿರಿರುವ ತನಕ ತೌಬಾದ ಬಾಗಿಲು ತೆರೆದಿದೆ.

ಹೆತ್ತವರೇ, ಮಗ ಪಂದ್ಯಾಟಕ್ಕೆ ಹೊರಟರೆ ಬಹುಮಾನದ ಹಣ ಎಲ್ಲಿಂದ ಬರುತ್ತದೆಂದು ವಿಚಾರಿಸಿರಿ. ಆಟಗಾರರೇ ಹಣ ಹಾಕಿ ಗೆದ್ದವನು ಅದನ್ನು ಒಯ್ಯುವುದಾದರೆ ಅದು ಜೂಜೇ. ನಮಾಝ್‌ಗೆ ಬಿಡುವಿದೆಯೇ ಎಂದು ಕೇಳಿರಿ. ಸೋತು ಮನೆಗೆ ಬಂದರೆ, ಎದುರಾಳಿಯ ಕೈ ಕುಲುಕಿದೆಯಾ ಎಂದು ಮೊದಲು ಕೇಳಿರಿ.

ಮಕ್ಕಳೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರವಿಷ್ಟು: ಅಝಾನ್ ಕೇಳಿದೊಡನೆ ಮಣೆ ಬಿಟ್ಟು ಏಳಲಾಗದವನು ಮಣೆಯ ಮುಂದೆ ಕೂರದಿರಲಿ.

ಅಲ್ಲಾಹನು ನಮ್ಮ ಸಮಯವನ್ನೂ ನಾಲಗೆಯನ್ನೂ ಕಾಪಾಡಲಿ. ಆಮೀನ್.