ಜಲಸಂಗ್ರಹ: ಪರಿಗ್ರಹವೋ, ಪರೋಪಕಾರವೋ?

ಧನ, ಧಾನ್ಯ, ಕ್ಷೇತ್ರಗಳಿಗೆ ಮಿತಿ ಹಾಕಿಕೊಳ್ಳುವುದು ಗೃಹಸ್ಥನ ವ್ರತ. ಹಾಗಾದರೆ ನೀರಿಗೂ ಮಿತಿಯುಂಟೇ? ಹರಿದುಹೋಗುವ ನೀರನ್ನು ತಡೆದು ನಿಲ್ಲಿಸುವುದು ಲೋಭವೋ, ಕರ್ತವ್ಯವೋ? ಮಳೆಯನ್ನೇ ನಂಬಿದ ಸೀಮೆಯಲ್ಲಿ ಈ ಪ್ರಶ್ನೆ ಕೇವಲ ಚರ್ಚೆಯ ವಿಷಯವಲ್ಲ, ಅನ್ನದ ವಿಷಯ.

ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಮೈಲಾರ ತುಂಗಭದ್ರೆಯ ತೀರದಲ್ಲಿದೆ. ಆದರೆ ನದಿ ತಗ್ಗಿನಲ್ಲಿ, ಹೊಲಗಳು ಎತ್ತರದಲ್ಲಿ. ಕಣ್ಣಿಗೆ ಕಾಣುವ ನೀರು ಪೈರಿಗೆ ತಾನಾಗಿ ಹತ್ತದು. ಆದ್ದರಿಂದಲೇ ಹಮ್ಮಿಗಿಯ ಬಳಿ ಬ್ಯಾರೇಜು ಕಟ್ಟಿ ನೀರೆತ್ತುವ ಸಿಂಗಟಾಲೂರು ಏತ ನೀರಾವರಿ ಯೋಜನೆ ಬಂದಿತು. ಕೂಡ್ಲಿಗಿ ತಾಲ್ಲೂಕಿನ 74 ಕೆರೆಗಳಿಗೆ ನದಿಯ ನೀರು ತುಂಬಿಸುವ ಯೋಜನೆಯೂ ರೂಪುಗೊಂಡಿತು.

ಇನ್ನು ದೊಡ್ಡ ಸಂಗ್ರಹದ ಲೆಕ್ಕ ನೋಡೋಣ. ಹೊಸಪೇಟೆಯ ಬಳಿ 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ. ಹೂಳು ತುಂಬಿದ ಕಾರಣ ಅದು 2016ರ ಸಮೀಕ್ಷೆಯ ವೇಳೆಗೆ ಸುಮಾರು 105.8ಕ್ಕೆ ಇಳಿದಿತ್ತು. ಸವಕಳಿಗೆ ಹಣ ತೆಗೆದಿಡದ ವ್ಯಾಪಾರಿ ಲಾಭವೆಂದು ಭಾವಿಸಿ ಮೂಲಧನವನ್ನೇ ಉಣ್ಣುತ್ತಾನೆ. ಹೂಳನ್ನು ಲೆಕ್ಕಿಸದ ಸಂಗ್ರಹದ ಗತಿಯೂ ಅದೇ. 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರೆಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ತುಂಬಿದ ಜಲಾಶಯದ ನೀರು ವ್ಯರ್ಥವಾಗಿ ಹರಿಯಿತು. ಕೂಡಿಡುವವನಿಗೆ ಕಾಯುವ ಹೊಣೆಯೂ ಇದೆಯೆಂಬುದಕ್ಕೆ ಬೇರೆ ದೃಷ್ಟಾಂತ ಬೇಕಿಲ್ಲ.

ಚಿಕ್ಕ ಸಂಗ್ರಹದ ಲೆಕ್ಕ ಬೇರೆ. 10 ಮೀಟರ್ ಉದ್ದ, 10 ಮೀಟರ್ ಅಗಲ, 3 ಮೀಟರ್ ಆಳದ ನೇರ ಗೋಡೆಯ ಹೊಂಡದಲ್ಲಿ 3 ಲಕ್ಷ ಲೀಟರ್ ನೀರು ನಿಲ್ಲುತ್ತದೆ. ಒಂದೂವರೆ ಎಕರೆಗೆ 5 ಸೆಂಟಿಮೀಟರಿನಂತೆ ಒಮ್ಮೆ ಹಾಯಿಸಲು ಇದು ಸರಿಹೋಗುತ್ತದೆ. ಮಳೆ ಕೈಕೊಟ್ಟು ಪೈರು ಬಾಡುವ ಹೊತ್ತಿನಲ್ಲಿ ಆ ಒಂದು ಹಾಯಿಕೆಯೇ ಬೆಳೆಯನ್ನು ಉಳಿಸಬಹುದು. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯ ಹೊಂಡಗಳ ಹಿಂದಿದ್ದ ತತ್ತ್ವವೂ ಇದೇ.

ಇಲ್ಲೊಂದು ಸೂಕ್ಷ್ಮವಿದೆ. ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದರೆ ನೀರು ಇಂಗದೆ ಯಜಮಾನನಿಗೇ ಉಳಿಯುತ್ತದೆ. ಹಾಸದಿದ್ದರೆ ಇಂಗಿ ನೆರೆಯವನ ಬಾವಿಗೂ ಹೋಗಬಹುದು. ಒಬ್ಬನ ನಷ್ಟವೆಂದು ಬರೆದದ್ದು ಊರಿನ ಖಾತೆಯಲ್ಲಿ ಜಮೆಯಾಗಿರುತ್ತದೆ. ನೀರು ಬೇಗ ಇಂಗುವ ಮಣ್ಣಿನಲ್ಲಿ ಹಾಳೆ ಹಾಸಿದ ರೈತನನ್ನು ದೂಷಿಸುವುದು ಅನ್ಯಾಯ. ಆದರೆ ಎಲ್ಲರೂ ತಮ್ಮ ತಮ್ಮ ಹೊಂಡಕ್ಕೇ ಗಮನವಿತ್ತು ಊರ ಕೆರೆಯನ್ನು ಮರೆತರೆ, ಅಂಗೈಯಗಲ ಭೂಮಿಯೂ ಇಲ್ಲದವನ ಕೊಡ ತುಂಬುವುದೆಲ್ಲಿಂದ?

ನಮ್ಮ ಶ್ರಾವಕಾಚಾರದ ಖರಕರ್ಮಗಳಲ್ಲಿ ಭೂಮಿಯನ್ನು ಅಗೆಯುವ ವೃತ್ತಿಯೂ ಇದೆ, ಕೆರೆ ಸರೋವರಗಳನ್ನು ಬತ್ತಿಸುವ ವೃತ್ತಿಯೂ ಇದೆ. ಅಗೆಯದೆ ಹೊಂಡವಿಲ್ಲ, ಅಗೆದರೆ ಜೀವಹಾನಿ ತಪ್ಪದು. ಈ ತೊಡಕನ್ನು ಇಲ್ಲವೆನ್ನಲಾಗದು. ಆದರೂ ಜೀವನೋಪಾಯಕ್ಕಾಗಿ ಎಚ್ಚರದಿಂದ ಮಾಡುವ ಉದ್ಯೋಗೀ ಹಿಂಸೆಯನ್ನು ಗೃಹಸ್ಥನು ಪೂರ್ತಿ ತೊರೆಯಲಾರನು. ಅವನು ತೊರೆಯಬಹುದಾದದ್ದು ಸಂಕಲ್ಪೀ ಹಿಂಸೆಯನ್ನು ಮತ್ತು ನಿಷ್ಪ್ರಯೋಜಕವಾದ ಅನರ್ಥದಂಡವನ್ನು. ಒಮ್ಮೆ ಅಗೆದ ಹೊಂಡವು ಬಹುಕಾಲ ಮಳೆನೀರನ್ನು ಹಿಡಿದೀತು. ಮಳೆಯಿಂದ ಮರುಪೂರಣವಾಗುವುದಕ್ಕಿಂತ ಹೆಚ್ಚನ್ನು ಕೊಳವೆಬಾವಿಯಿಂದ ಎತ್ತುವುದಾದರೋ ಕಣ್ಣಿಗೆ ಕಾಣದ ಕೆರೆಯನ್ನು ಬತ್ತಿಸಿದಂತೆಯೇ. ಅದು ನಮ್ಮ ಹೊಲದ ಗಡಿಯೊಳಗೆ ನಡೆಯಿತೆಂದ ಮಾತ್ರಕ್ಕೆ ನಿರ್ದೋಷವಾಗದು.

ಹೀಗಾಗಿ ನೀರಿನ ಪರಿಗ್ರಹವನ್ನು ಅಳೆಯಬೇಕಾದದ್ದು ಹೊಂಡದ ಗಾತ್ರದಿಂದಲ್ಲ, ಮೂರು ಪ್ರಶ್ನೆಗಳಿಂದ: ಇದು ಯಾರ ಪಾಲಿನ ನೀರು? ಅಗತ್ಯಕ್ಕೆ ತಕ್ಕಷ್ಟೇ ಬಳಸುತ್ತಿದ್ದೇವೆಯೇ? ಕೊರತೆಯ ದಿನ ಇದರಲ್ಲಿ ಅನ್ಯರಿಗೆ ಭಾಗವುಂಟೇ? ಮೂರಕ್ಕೂ ನಿಸ್ಸಂಕೋಚವಾಗಿ ಉತ್ತರಿಸಬಲ್ಲವನು ಆ ನೀರಿಗೆ ಒಡೆಯನಲ್ಲ, ಧರ್ಮದರ್ಶಿ.

ಬಸದಿಗಳ ಟ್ರಸ್ಟುಗಳು ಈ ಮಾತನ್ನು ತಮ್ಮಿಂದಲೇ ಆರಂಭಿಸಬಹುದು. 100 ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್ ನೀರಾಗುತ್ತದೆ. ವಾರ್ಷಿಕ ಲೆಕ್ಕಪತ್ರದಲ್ಲಿ ಕಾಣಿಕೆಯ ಜೊತೆಗೆ ಈ ಜಮೆಗೂ ಒಂದು ಸಾಲು ಮೀಸಲಿಡುವುದು ಉಚಿತ.